ಹನ್ನೆರಡನೇ ನಂಬರಿನ ಬಸ್ಸೂ ನಿವೃತ್ತ ಚಾಲಕನ ಪತ್ರವೂ

ಸೆಪ್ಟೆಂಬರ್ 2, ಸೋಮವಾರ

ಮೇಕೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಅಜ್ಜಿ. ಆಗ ನನಗೆ ಆರು ವರ್ಷ. ಕಾಲು ಮುರಿದುಕೊಂಡು ಮಂಚದ ಮೇಲೆ ಬಿದ್ದಿದ್ದೆ. ಅವಳು ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಾ ಹೇಳಿದಳು. ಒಂದೇ ಮೇಕೆ, ಒಂದೇ ಹೊಲ. ಮೊದಲು ಮೇಕೆ ಕಳೆದುಕೊಂಡ ಮುದುಕಿಯ ಬಾಯಲ್ಲಿ ಹೇಳಿದಳು, ನಾನು ಗೊಳೋ ಎಂದು ಅತ್ತೆ. ಆಮೇಲೆ ಅದನ್ನೇ ಬೆಳೆ ಕಳೆದುಕೊಂಡ ರೈತನ ಬಾಯಲ್ಲಿ ಹೇಳಿದಳು. ಈಗ ಆ ಮೇಕೆಯ ಕಿವಿ ಹಿಂಡಬೇಕೆನ್ನಿಸಿತು. “ಯಾವುದು ನಿಜ ಅಜ್ಜಿ?” ಎಂದರೆ, “ಎರಡೂ ನಿಜವೇ ಕಣೋ. ನೀನು ಯಾರ ಪಕ್ಕ ಕೂತು ಕೇಳ್ದೆ, ಅದನ್ನ ಹೇಳು” ಎಂದಳು.

ಹತ್ತನೇ ತರಗತಿಗೆ ಈ ವಾರದಿಂದ ‘ಮನವೊಲಿಸುವ ಕಲೆ’ ಪಾಠ. ಪಠ್ಯಪುಸ್ತಕದಲ್ಲಿ ಅದಕ್ಕೆ ಹನ್ನೊಂದು ಪುಟ, ಅದರಲ್ಲಿ ಒಂಬತ್ತು ಪುಟ ಬರೀ ವ್ಯಾಖ್ಯೆ. ಅದು ಬೇಡವೆಂದು ಮೇಕೆಯ ಕಥೆ ಎತ್ತಿಕೊಂಡೆ. ಚೆನ್ನಾಗಿಯೇ ಹೇಳಿದೆ ಎಂದು ನನ್ನ ಅಭಿಪ್ರಾಯ. ಮುದುಕಿಯ ಮನೆ, ಮನೆಯ ಬಾಗಿಲು, ಬಾಗಿಲಿನ ಅಗುಳಿ, ಮೇಕೆಯ ಕಿವಿಯ ಮೇಲಿನ ಬಿಳಿ ಮಚ್ಚೆ, ಒಂದನ್ನೂ ಬಿಡಲಿಲ್ಲ. ರೈತನ ಸರದಿ ಬರುವ ಮೊದಲೇ ಗಂಟೆ ಹೊಡೆಯಿತು.

“ಆದ್ರೆ ಸಾರ್, ಮೇಕೆ ಏನಾಯ್ತು?” ಎಂದ ಕಿಟಕಿ ಪಕ್ಕದ ಹುಡುಗ. ಅವನು ಯಾವ ಮಾತನ್ನೂ ‘ಆದ್ರೆ’ ಇಲ್ಲದೆ ಶುರು ಮಾಡುವುದಿಲ್ಲ. ಇಡೀ ಶಾಲೆ ಅವನನ್ನು ಆದ್ರೆ ಎಂದೇ ಕರೆಯುತ್ತದೆ.

“ನಾಳೆ ಹೇಳ್ತೀನಿ.”

“ನಾಳೆ ನಿಮ್ಮ ಪೀರಿಯಡ್ ಇಲ್ಲ ಸಾರ್,” ಎಂದಳು ಅವನ ಹಿಂದಿನ ಬೆಂಚಿನ ಹುಡುಗಿ. ಇವಳು ಲಾಯರಮ್ಮ. ಹೋದ ವರ್ಷ ಅರ್ಧ ಅಂಕಕ್ಕಾಗಿ ನನ್ನ ಜತೆ ಮೂರು ದಿನ ವಾದ ಮಾಡಿ ಗೆದ್ದ ಮೇಲೆ ಈ ಹೆಸರು ಅಂಟಿಕೊಂಡಿತು. ಪೀರಿಯಡ್ ಇಲ್ಲ ಎನ್ನುವಾಗ ಅವಳ ಮುಖದಲ್ಲಿ ಏನೋ ನೆಮ್ಮದಿ ಕಂಡಂತಾಯಿತು. ನನ್ನ ಕನ್ನಡಕ ಒರೆಸಿಕೊಳ್ಳಬೇಕು.

ಸೆಪ್ಟೆಂಬರ್ 5, ಗುರುವಾರ

ಕ್ಷೌರದಂಗಡಿಯವನ ಹತ್ತಿರ ಹಳೆಯ ಪತ್ರಿಕೆಗಳ ಕಟ್ಟು ಕೇಳಿ ತಂದೆ. ಪ್ರತಿ ಹಾಳೆಯಲ್ಲೂ ನಾಲ್ಕಾರು ಕೂದಲು. ಹುಡುಗಿಯರು ಮೂಗು ಮುರಿದರು, ಹುಡುಗರು ಯಾರ ತಲೆಯದು ಎಂದು ಪತ್ತೆ ಹಚ್ಚಲು ಕೂತರು.

ಎರಡು ಪತ್ರಿಕೆಯಲ್ಲಿ ಒಂದೇ ದಿನದ ಒಂದೇ ಸುದ್ದಿ: ಮಾರುಕಟ್ಟೆಯ ಗೋಡೆ ಬಿದ್ದದ್ದು. ಒಂದರಲ್ಲಿ ‘ನಿರ್ಲಕ್ಷ್ಯಕ್ಕೆ ಉರುಳಿದ ಗೋಡೆ, ಕೂದಲೆಳೆಯಲ್ಲಿ ಪಾರಾದ ವ್ಯಾಪಾರಿಗಳು’. ಇನ್ನೊಂದರಲ್ಲಿ ‘ಹಳೆಯ ಗೋಡೆ ಕುಸಿತ, ಹೊಸ ಕಟ್ಟಡಕ್ಕೆ ದಾರಿ ಸುಗಮ’.

“ಎರಡನೇದು ಓದಿದ್ರೆ ಗೋಡೆ ಏನೋ ಉಪಕಾರ ಮಾಡಿದಂಗಿದೆ ಸಾರ್.”

“ಆದ್ರೆ ಸಾರ್, ಗೋಡೆ ಯಾರನ್ನೂ ಕೇಳ್ದೆ ತಾನಾಗೇ ಬಿತ್ತಾ?”

ತರಗತಿ ನಕ್ಕಿತು. ನಾನೂ ನಕ್ಕೆ. ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ. ಯಾರು ಹೇಳುತ್ತಿದ್ದಾರೆ? ಯಾರಿಗೆ? ಕೇಳಿದವರು ಏನು ಮಾಡಲಿ ಎಂದು? ಇನ್ನು ವಿವರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಲಾಯರಮ್ಮ ಎದ್ದು ಬಂದು, ನನ್ನ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡು ನಾಲ್ಕನೆಯದನ್ನು ಬರೆದಳು: ಏನನ್ನು ಬಿಟ್ಟಿದ್ದಾರೆ?

ಕೇಳದೆ ಸೀಮೆಸುಣ್ಣ ತೆಗೆದುಕೊಂಡದ್ದು ಸರಿಯಲ್ಲ. ಪ್ರಶ್ನೆ ಮಾತ್ರ ಸರಿಯಾಗಿತ್ತು.

ಸೆಪ್ಟೆಂಬರ್ 9, ಸೋಮವಾರ

ಮನೆಯಲ್ಲಿ ಈ ಪಾಠದ ಸುದ್ದಿ ಎತ್ತಬಾರದಿತ್ತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಟೆಲಿಫೋನ್ ನೋಡಿಕೊಳ್ಳುವವಳು, ಎಂಟು ಗಂಟೆ ಊರವರ ಸಬೂಬು ಕೇಳಿಸಿಕೊಂಡು ಬರುತ್ತಾಳೆ. ಇವತ್ತು ಬಂದವಳೇ ಒಲೆ ನೋಡಿದಳು.

“ಹಾಲು ಉಕ್ಕಿಬಿಡ್ತು,” ಎಂದೆ.

“ಉಕ್ಕಿಬಿಡ್ತಾ? ಯಾರು ಹೇಳ್ತಿದ್ದಾರೆ? ಯಾರಿಗೆ ಹೇಳ್ತಿದ್ದಾರೆ? ಒಲೆ ಒರೆಸಲಿ ಅಂತಾನೋ? ಏನು ಬಿಟ್ಟಿದ್ದಾರೆ?”

ಬಿಟ್ಟದ್ದು ಇಷ್ಟೇ: ಪಕ್ಕದ ಮನೆಯವರು ಗೇಟಿನ ಹತ್ತಿರ ಸಿಕ್ಕಿದ್ದರು, ಅವರಿಗೆ ಒಂದು ಕಥೆ ಹೇಳುತ್ತಿದ್ದೆ. ಒಲೆ ನಾನೇ ಒರೆಸಿದೆ.

ಸೆಪ್ಟೆಂಬರ್ 11, ಬುಧವಾರ

ಇವತ್ತಿನ ಪತ್ರಿಕೆಯ ಮೂರನೇ ಪುಟ: ‘ಸರಾಸರಿ ಏಳೇ ಪ್ರಯಾಣಿಕರು! ಹನ್ನೆರಡನೇ ನಂಬರಿನ ಬಸ್ಸು ನಿಲ್ಲಿಸಲು ಪುರಸಭೆ ಚಿಂತನೆ’. ತಿಂಗಳ ಕೊನೆಗೆ ಸಾರ್ವಜನಿಕರ ಅಹವಾಲು ಕೇಳುತ್ತಾರಂತೆ.

ನಾನು ಅದನ್ನು ತಂದದ್ದು ಪಾಠಕ್ಕೆ. ಓದಿ ತಲೆ ಎತ್ತಿದರೆ ಒಂಬತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಅವರೆಲ್ಲ ಇಟ್ಟಿಗೆ ಗೂಡಿನಾಚೆಯ ಬಡಾವಣೆಯವರು. ಅಲ್ಲಿಂದ ಶಾಲೆಗೆ ಹತ್ತು ಕಿಲೋಮೀಟರು. ಆ ರಸ್ತೆಯಲ್ಲಿ ಬರುವುದು ಹನ್ನೆರಡನೇ ನಂಬರ್ ಒಂದೇ. ಲಾಯರಮ್ಮನೂ ಅದರಲ್ಲೇ ಬರುತ್ತಾಳೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಅವಳ ಅಮ್ಮನೂ.

“ಬಸ್ ನಿಂತ್ರೆ ನಂದು ಸ್ಕೂಲೂ ನಿಲ್ಲುತ್ತೆ ಸಾರ್,” ಎಂದಳು. “ಅಮ್ಮ ಆಸ್ಪತ್ರೆ ಹತ್ರ ಒಂದು ಕೋಣೆ ನೋಡ್ಕೊಂಡು ಇದ್ದುಬಿಡ್ತಾಳೆ. ಮನೇಲಿ ತಂಗಿ ತಮ್ಮನ್ನ ನಾನು ನೋಡ್ಕೋಬೇಕು. ಈಗಾಗ್ಲೇ ಮಾತು ಮುಗಿದಿದೆ.” ಅಳುತ್ತಿರಲಿಲ್ಲ. ಸಿಟ್ಟಿತ್ತು.

ಅಲ್ಲೇ ಪಾಠ ಗೊತ್ತುಮಾಡಿದೆ. ಎಲ್ಲರೂ ಬಸ್ಸು ಉಳಿಸಿ ಎಂದು ಒಂದೊಂದು ಪತ್ರ ಬರೆಯಬೇಕು. ಅದು ಪತ್ರಿಕೆಗೆ ಹೋಗುತ್ತದೆ. ಆಮೇಲೆ ಬಸ್ಸು ನಿಲ್ಲಿಸಿ ಎಂದು ಇನ್ನೊಂದು. ಅದನ್ನು ಬೇರೆ ಯಾರೋ ಆಗಿ, ವೇಷ ಹಾಕಿಕೊಂಡಂತೆ ಬರೆಯಬೇಕು. ಅದು ನಮ್ಮ ಗೋಡೆಹಲಗೆಗೆ ಮಾತ್ರ.

“ಎರಡನೇದು ಬರೆಯಲ್ಲ. ನನ್ನ ಕೈಯಿಂದ್ಲೇ ನನ್ನ ಕಾಲು ಕಡಿಸ್ತೀರಾ?” ಎಂದಳು ಲಾಯರಮ್ಮ.

“ಎದುರಿನವರ ಮಾತನ್ನ ಅವರಿಗಿಂತ ಚೆನ್ನಾಗಿ ನೀನು ಹೇಳಬಲ್ಲೆ ಅಂದ್ರೆ, ಅದಕ್ಕೆ ಉತ್ತರನೂ ನಿನಗೇ ಗೊತ್ತಾಗುತ್ತೆ.”

“ನಾಲ್ಕು ಅಂಕ ಜಾಸ್ತಿ ಕೊಡಬೇಕು,” ಎಂದಳು. ಎರಡಕ್ಕೆ ಒಪ್ಪಿಸಿದೆ.

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ತರಗತಿ ಬಹಳ ಚೆನ್ನಾಗಿ ನಡೆಯಿತು. ಗಂಟೆ ಹೊಡೆಯುವವನಿಗೆ ಹೇಳಬೇಕು, ಇತ್ತೀಚೆಗೆ ನನ್ನ ಪೀರಿಯಡ್ಡಿಗೆ ಬೇಗ ಹೊಡೆಯುತ್ತಿದ್ದಾನೆ.

ಎದುರುಪಕ್ಷದ ಪತ್ರಗಳನ್ನು ಓದಿಸಿದೆ. ಆದ್ರೆ ರಸ್ತೆಬದಿಯ ಮರವಾಗಿ ಬರೆದಿದ್ದ, ಹೊಗೆ ಸಹಿಸಲಾರೆನೆಂದು. ಇನ್ನೊಬ್ಬಳು ಬಸ್ಸೇ ಆಗಿ, ಮೊಣಕಾಲು ನೋವೆಂದು. ನಕ್ಕೂ ನಕ್ಕೂ ಸಾಕಾಯಿತು. ಕೊನೆಗೆ ಲಾಯರಮ್ಮ ಎದ್ದಳು. ಅವಳದು ನಿವೃತ್ತ ಚಾಲಕನ ವೇಷ. ಅದರ ತುಣುಕನ್ನು ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ.

‘ಮೂವತ್ತು ವರ್ಷ ಆ ರಸ್ತೆಯಲ್ಲಿ ಬಸ್ಸು ಓಡಿಸಿದ್ದೇನೆ. ಅಲ್ಲಿಯ ಒಂದೊಂದು ಗುಂಡಿಯೂ ನನ್ನ ಬೆನ್ನಿಗೆ ಗೊತ್ತು. ಹನ್ನೆರಡನೇ ನಂಬರಿನ ಮೇಲೆ ನನಗಿರುವಷ್ಟು ಪ್ರೀತಿ ಇನ್ನೊಬ್ಬರಿಗೆ ಇರಲಾರದು. ಅದಕ್ಕೇ ಹೇಳುತ್ತಿದ್ದೇನೆ. ನಲವತ್ತು ಸೀಟಿನಲ್ಲಿ ಏಳು ಜನರನ್ನು ಕೂರಿಸಿಕೊಂಡು ಹೋಗುವಾಗ ಕನ್ನಡಿಯಲ್ಲಿ ಹಿಂದೆ ನೋಡಲು ಚಾಲಕನಿಗೆ ನಾಚಿಕೆಯಾಗುತ್ತದೆ. ದಣಿದ ಕುದುರೆಯನ್ನು ನಿಜವಾಗಿ ಪ್ರೀತಿಸುವವನು ಅದರ ಜೀನು ಬಿಚ್ಚುತ್ತಾನೆ.’

“ಆದ್ರೆ ಸಾರ್,” ಎಂದ ಆದ್ರೆ, ಸಣ್ಣ ದನಿಯಲ್ಲಿ, “ನನಗೂ ಬಸ್ ನಿಲ್ಲಿಸಿಬಿಡೋಣ ಅನ್ನಿಸ್ತಿದೆ.”

ಮೂರು ಗಂಟೆಗೆ ಆಫೀಸಿನಲ್ಲಿ ಕೂತು ಎರಡೂ ಕಟ್ಟುಗಳನ್ನು ಎರಡು ಲಕೋಟೆಗೆ ಹಾಕಿ ಅಂಟಿಸಿದೆ. ಒಂದರ ಮೇಲೆ ಪತ್ರಿಕೆಯ ವಿಳಾಸ ಬರೆದು ಅಂಚೆಗೆ ಕೊಟ್ಟೆ, ಇನ್ನೊಂದನ್ನು ಕಪಾಟಿಗೆ ಹಾಕಿದೆ. ಗುಮಾಸ್ತರಿಗೆ ನಮ್ಮ ಚಿಕ್ಕಪ್ಪ ಸೈಕಲ್ ಸಮೇತ ಬಾವಿಗೆ ಬಿದ್ದ ಕಥೆ ಹೇಳುತ್ತಿದ್ದೆ. ಅವರು ಅದೆಷ್ಟು ನಕ್ಕರೆಂದರೆ ಗೋಂದಿನ ಬಾಟಲಿ ಉರುಳಿತು.

ಸೆಪ್ಟೆಂಬರ್ 17, ಮಂಗಳವಾರ

ಪತ್ರಿಕೆಯಲ್ಲಿ ಬಂದಿದೆ. ನಾಲ್ಕನೇ ಪುಟ, ಮೇಲುಗಡೆ, ದಪ್ಪ ಚೌಕಟ್ಟಿನಲ್ಲಿ: ‘ಮೂವತ್ತು ವರ್ಷ ಓಡಿಸಿದವನ ಮಾತು’.

ಕಪಾಟು ತೆಗೆದು ಲಕೋಟೆ ಒಡೆದು ನೋಡಿದೆ. ‘ದಯವಿಟ್ಟು ನಮ್ಮ ಬಸ್ಸನ್ನು ಉಳಿಸಿ’ ಎಂಬ ಮೂವತ್ನಾಲ್ಕು ಪತ್ರಗಳು ತಣ್ಣಗೆ ಕೂತಿವೆ.

ಊಟ ಸೇರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ತರಗತಿಯಲ್ಲಿ ಪತ್ರಿಕೆ ಬೆಂಚಿನಿಂದ ಬೆಂಚಿಗೆ ಓಡಾಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಮಕ್ಕಳೇ, ಲಕೋಟೆಗಳು ಅದಲು ಬದಲಾಗಿವೆ.”

ಮೂವತ್ನಾಲ್ಕು ಜೊತೆ ಕಣ್ಣು. ಲಾಯರಮ್ಮ ಕೈಕಟ್ಟಿಕೊಂಡು ಕೇಳಿದಳು: “ತಾವಾಗೇ ಬದಲಾದ್ವಾ ಸಾರ್?”

“ಇಲ್ಲ. ನಾನು ಬದಲಾಯಿಸಿದೆ. ಅಂಟಿಸುವಾಗ ಗುಮಾಸ್ತರಿಗೆ ಕಥೆ ಹೇಳ್ತಿದ್ದೆ. ಯಾವುದರಲ್ಲಿ ಏನಿದೆ ಅಂತ ನೋಡ್ಲಿಲ್ಲ. ತಪ್ಪು ನಂದು.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ತರಗತಿಯ ಮುಂದೆ ನಾನು ಹೇಳಿದ ಅತಿ ಚಿಕ್ಕ ಮಾತು ಇದೇ ಇರಬೇಕು.

“ಏನು ಕಥೆ ಸಾರ್?” ಎಂದು ಯಾರೋ ಹಿಂದಿನಿಂದ ಕೇಳಿದರು. ಹೇಳಲಿಲ್ಲ.

“ಅಮ್ಮ ಅದನ್ನ ಓದಿ ನನಗೇ ಓದಿ ತೋರಿಸಿದ್ಲು,” ಎಂದಳು ಲಾಯರಮ್ಮ. “‘ನೋಡು, ಡ್ರೈವರೇ ಹಿಂಗಂದ ಮೇಲೆ ಮುಗೀತು’ ಅಂದ್ಲು. ನಾನು ಬರೆದದ್ದು ಅಂತ ಹೆಂಗೆ ಹೇಳ್ಲಿ?”

ಸೆಪ್ಟೆಂಬರ್ 19, ಗುರುವಾರ

ಪತ್ರಿಕೆಯ ಕಚೇರಿಗೆ ಹೋದೆ. ಮೆಟ್ಟಿಲ ಮೇಲೆಲ್ಲ ಕಾಗದದ ಉರುಳೆಗಳು. ದಾಟಿಕೊಂಡು ಹೋಗುವುದೇ ಒಂದು ಸಾಹಸ. ಸಂಪಾದಕರು ಎದ್ದು ಬಂದು ಕೈ ಕುಲುಕಿದರು.

“ಮೇಷ್ಟ್ರೇ, ನಿಮ್ಮ ಮಕ್ಕಳ ಪತ್ರಗಳ ಜತೆ ಒಬ್ಬ ಹಿರಿಯರದೂ ಕಳಿಸಿದ್ರಲ್ಲ, ಆ ಹಿರಿಯರು ನಿಮಗೆ ಗೊತ್ತಾ? ಹನ್ನೊಂದು ಮೆಚ್ಚುಗೆ ಪತ್ರ ಬಂದಿದೆ ರೀ! ಪುರಸಭೆ ಅಧ್ಯಕ್ಷರು ಫೋನ್ ಮಾಡಿದ್ರು. ಅಹವಾಲಿನ ದಿನ ಅವರನ್ನ ಕರೆಸಿ ಮಾತಾಡಿಸ್ಬೇಕಂತೆ.”

“ಆ ಹಿರಿಯರಿಗೆ ಹದಿನೈದು ವರ್ಷ,” ಎಂದೆ.

ಎಲ್ಲ ಹೇಳಿದ ಮೇಲೆ ಅವರ ಮುಖ ಸಪ್ಪಗಾಯಿತು. ತಿದ್ದುಪಡಿ ಹಾಕುತ್ತೇವೆ ಎಂದರು. ಬಾಗಿಲವರೆಗೂ ಬಂದು ಮೆಲ್ಲಗೆ ಕೇಳಿದರು: “ಹುಡುಗಿ ರಜೆಯಲ್ಲಿ ನಮ್ಮಲ್ಲಿ ಕೆಲಸ ಮಾಡ್ತಾಳಾ?”

ಸೆಪ್ಟೆಂಬರ್ 20, ಶುಕ್ರವಾರ

ತಿದ್ದುಪಡಿ ಬಂದಿದೆ. ಆರನೇ ಪುಟ, ಕೆಳಗಿನ ಮೂಲೆ, ಕಳೆದುಹೋದ ಗಿಣಿಯೊಂದರ ಜಾಹೀರಾತಿನ ಅಡಿಯಲ್ಲಿ. ಮಕ್ಕಳು ಅಡಿಪಟ್ಟಿ ಇಟ್ಟು ಅಳೆದರು. ಪತ್ರ ಇಪ್ಪತ್ತೆರಡು ಸೆಂಟಿಮೀಟರ್, ತಿದ್ದುಪಡಿ ಎರಡೂವರೆ.

“ಗಿಣಿಗೇ ನಾಲ್ಕು ಸೆಂಟಿಮೀಟರ್ ಇದೆ ಸಾರ್!”

ಇವತ್ತಿನ ಪಾಠ ನಾನು ಮಾಡಬೇಕಾಗಿಯೇ ಬರಲಿಲ್ಲ. ಅವರೇ ಮಾಡಿಕೊಂಡರು. ಊರಿನವರಿಗೆ ಇನ್ನೂ ಆ ಚಾಲಕನೇ ನಿಜ.

ಸೆಪ್ಟೆಂಬರ್ 22, ಭಾನುವಾರ

ಹನ್ನೆರಡನೇ ನಂಬರಿನ ಕಂಡಕ್ಟರ್ ಬಾಯಿಂದ ಸುದ್ದಿ ಬಂತು. ಡಿಪೋದಲ್ಲಿ ದೊಡ್ಡ ವಿಚಾರಣೆಯೇ ನಡೆದಿದೆಯಂತೆ. ಈ ಊರಿನಲ್ಲಿ ನಿವೃತ್ತ ಚಾಲಕರು ಒಟ್ಟು ನಾಲ್ಕೇ ಜನ. ಮೂವರು ತಾವು ಬರೆದಿಲ್ಲ ಎಂದು ಆಣೆ ಮಾಡಿದ್ದಾರೆ. ನಾಲ್ಕನೆಯವರು ತುಟಿ ಪಿಟಕ್ಕೆನ್ನಲಿಲ್ಲವಂತೆ. ಅಲ್ಲಿಗೆ ದ್ರೋಹಿ ಯಾರೆಂದು ತೀರ್ಮಾನವಾಯಿತು.

ಅವರನ್ನು ಹುಡುಕಿಕೊಂಡು ಹೋದೆ. ಉದ್ಯಾನದ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. “ಈ ಕಿವಿ ಸತ್ತಿದೆ, ಆ ಕಡೆ ಬಾ” ಎಂದರು. ಆ ಕಡೆ ಕೂತು ಮತ್ತೆ ಮೊದಲಿನಿಂದ ಹೇಳಿದೆ.

“ಓ, ಹಂಗಾ! ಮೂರು ದಿನದಿಂದ ಯಾರೂ ನನ್ನ ಬೆಂಚಲ್ಲಿ ಕೂರ್ತಿಲ್ಲ. ಹೊಸ ಸೋಪು ವಾಸನೆ ಬರುತ್ತೇನೋ ಅಂದ್ಕೊಂಡಿದ್ದೆ.” ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಅಂದರು: “ನಮ್ಮ ಜತೆಯವರು ನನ್ನ ಮೇಲೆ ಅಂಥ ಮಾತು ನಂಬಿದ್ರಲ್ಲ ಮೇಷ್ಟ್ರೇ.”

ಅವರೇ ಮುಂದುವರಿಸಿದರು. ಆ ರಸ್ತೆಯ ಬಗ್ಗೆ, ಬ್ರೇಕು ಹಿಡಿಯದ ಒಂದು ಇಳಿಜಾರಿನ ಬಗ್ಗೆ, ಬಸ್ಸಿನಲ್ಲೇ ಹುಟ್ಟಿ ಈಗ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಒಂದು ಮಗುವಿನ ಬಗ್ಗೆ. ಕೊನೆಗೆ ಹೇಳಿದರು: “ಹುಡುಗಿ ಚೆನ್ನಾಗಿ ಬರೆದಿದಾಳೆ. ಓಡಿಸಿದ ನನಗೇ ನಂಬಿಕೆ ಬಂತು. ಆದ್ರೆ ಏಳು ಜನ ಅಂತಾಳಲ್ಲ, ಯಾವ ಹೊತ್ತಿಗೆ ಏಳು? ಮಧ್ಯಾಹ್ನ ಏಳು ಸಿಕ್ರೆ ಜಾಸ್ತಿ. ಬೆಳಿಗ್ಗೆ ನೂಕುನುಗ್ಗಲಲ್ಲಿ ನನಗೆ ಗೇರು ಹಾಕೋಕೆ ಮೊಣಕೈ ಆಡ್ತಿರಲಿಲ್ಲ.”

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. “ಇಷ್ಟು ಹೊತ್ತು ಏನು ಕಥೆ ಹೇಳ್ತಿದ್ರಿ?” ಎಂದಳು ಹೆಂಡತಿ. ಯೋಚಿಸಿ ನೋಡಿದೆ. ಏನೂ ಹೇಳಿರಲಿಲ್ಲ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಸೆಪ್ಟೆಂಬರ್ 23, ಸೋಮವಾರ

ತರಗತಿಗೆ ಮುದುಕರ ಪ್ರಶ್ನೆ ಮುಟ್ಟಿಸಿದೆ. ಯಾವ ಹೊತ್ತಿಗೆ ಏಳು?

ಲಾಯರಮ್ಮ ಮೇಜು ಗುದ್ದಿದಳು. “ಥೂ! ನಾವು ಒಂಬತ್ತೂ ಜನ ಏಳು ಅನ್ನೋದು ಸುಳ್ಳು ಅಂದ್ಕೊಂಡು ಬೈತಾ ಕೂತ್ವಿ ಸಾರ್. ನಿಜ ಇರಬಹುದು ಅಂತ ಹೊಳೀಲೇ ಇಲ್ಲ.”

ಸಂಜೆ ಅವಳೂ ಆದ್ರೆಯೂ ನನ್ನ ಜತೆ ಪುರಸಭೆಗೆ ಬಂದರು. ಅಲ್ಲಿನ ಗುಮಾಸ್ತರು ವರದಿ ತೋರಿಸಲು ಮನಸ್ಸು ಮಾಡಲಿಲ್ಲ. ನಾನು ಒಂದು ಉದ್ದನೆಯ ಪೀಠಿಕೆ ಶುರು ಮಾಡಿದೆ. ಆದ್ರೆ ನಡುವೆ ಬಾಯಿ ಹಾಕಿದ: “ಆದ್ರೆ ಸಾರ್, ಇದು ಎಲ್ಲರೂ ನೋಡಬಹುದಾದ ಕಾಗದ ತಾನೇ?” ಗುಮಾಸ್ತರು ಅವನನ್ನು ಮೇಲಿಂದ ಕೆಳಗೆ ನೋಡಿ ಕಡತ ತಳ್ಳಿದರು.

ಎಣಿಕೆ ನಡೆದದ್ದು ಮೂರು ದಿನ. ಮೂರೂ ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ. ಎಣಿಸುವವರ ಆಫೀಸು ತೆರೆಯುವುದೇ ಹತ್ತೂವರೆಗೆ.

ಸೆಪ್ಟೆಂಬರ್ 26, ಗುರುವಾರ

ಒಂಬತ್ತು ಮಕ್ಕಳೂ ಸರದಿಯಲ್ಲಿ ಬೆಳಿಗ್ಗೆ, ಸಂಜೆಯ ಬಸ್ಸಿನಲ್ಲಿ ತಲೆ ಎಣಿಸುತ್ತಿದ್ದಾರೆ. ಕಂಡಕ್ಟರಿಗೂ ಹುರುಪು ಬಂದು, ಪ್ರತಿ ನಿಲ್ದಾಣದಲ್ಲೂ ಕೂಗಿ ಲೆಕ್ಕ ಹೇಳುತ್ತಾನಂತೆ.

ಅಹವಾಲಿನಲ್ಲಿ ಯಾರು ಮಾತಾಡುವುದು? ನಾನು ಮೂರು ದಿನ ಕೂತು ಭಾಷಣ ಬರೆದಿದ್ದೆ. ಹದಿನೆಂಟು ಪುಟ. ಹುಡುಗಿಯನ್ನು ಆ ದೊಡ್ಡವರ ಮುಂದೆ ನಿಲ್ಲಿಸಿ, ಪತ್ರ ಬರೆದವಳು ಅವಳೇ ಎಂದು ಹೇಳಿಸುವುದು ಬೇಡವೆಂದು ನನ್ನ ಮನಸ್ಸು. ತಪ್ಪು ನನ್ನದು, ನಾನೇ ಹೊರುತ್ತೇನೆ ಎಂದೆ.

“ಲಕೋಟೆ ನಿಮ್ಮದು ಸಾರ್. ಪತ್ರ ನಂದು,” ಎಂದಳು. “ಅಲ್ದೆ ನೀವು ಶುರು ಮಾಡಿದ್ರೆ ನಮ್ಮ ಕೊನೇ ಬಸ್ಸು ಹೊರಟುಹೋಗುತ್ತೆ.”

ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಮುಖ್ಯೋಪಾಧ್ಯಾಯಿನಿ ಆಚೆ ಕೋಣೆಯಿಂದ ಓಡಿ ಬಂದರು. ಏನಾಯ್ತು ಮೇಷ್ಟ್ರೇ ಎಂದರು. ಪಾಠ ನಡೀತಿದೆ ಮೇಡಂ ಎಂದೆ.

ಹದಿನೆಂಟು ಪುಟಗಳ ಹಿಂಬದಿ ಖಾಲಿ ಇತ್ತು. ಎಣಿಕೆಯ ಪಟ್ಟಿ ಬರೆದುಕೊಳ್ಳಲು ಮಕ್ಕಳಿಗೆ ಕೊಟ್ಟೆ.

ಸೆಪ್ಟೆಂಬರ್ 30, ಸೋಮವಾರ

ನಾಲ್ಕು ಗಂಟೆಗೆ ಪುರಸಭೆಯ ಸಭಾಂಗಣ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಮೇಲೆ ಐದು ಜನ ಸದಸ್ಯರು. ನಡುವೆ ಅಧ್ಯಕ್ಷರು, ಅವರ ಮುಂದೆ ದೊಡ್ಡ ಹೂಗುಚ್ಛ. ಅದು ನಿವೃತ್ತ ಚಾಲಕರಿಗೆಂದು ಪಕ್ಕದವರು ಹೇಳಿದರು. ಆರನೇ ಪುಟದ ಮೂಲೆಯನ್ನು ಅಧ್ಯಕ್ಷರು ನೋಡಿಯೇ ಇರಲಿಲ್ಲ.

ಅವರು ಆ ಪತ್ರವನ್ನೇ ಎತ್ತಿ ಹಿಡಿದು ಶುರು ಮಾಡಿದರು. ಕುದುರೆಯ ಮಾತನ್ನು ಎರಡು ಸಲ ಓದಿದರು. ಚಪ್ಪಾಳೆಯೂ ಬಿತ್ತು. “ಈಗ ಆ ಹಿರಿಯರು ದಯವಿಟ್ಟು ಮುಂದೆ ಬರಬೇಕು.”

ಲಾಯರಮ್ಮ ಎದ್ದು ಹೋಗಿ ನಿಂತಳು. ಸಮವಸ್ತ್ರದ ತೋಳಿಗೆ ಶಾಯಿ ಅಂಟಿತ್ತು.

ಅಧ್ಯಕ್ಷರು ಪ್ರೀತಿಯಿಂದಲೇ ಕೇಳಿದರು: “ಏನಮ್ಮಾ, ತಾತ ಬರಲಿಲ್ವಾ?”

“ಆ ತಾತ ನಾನೇ ಸರ್.”

ಸಭೆ ಮೊದಲು ನಕ್ಕಿತು. ಆಮೇಲೆ ಅವಳು ನಗುತ್ತಿಲ್ಲವೆಂದು ಕಂಡು ಸುಮ್ಮನಾಯಿತು. ಅವಳು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಪಾಠ, ವೇಷ, ಲಕೋಟೆ. ಯಾರ ಲಕೋಟೆ ಎಂದು ಹೇಳಲಿಲ್ಲ. ನಾನು ಗೋಡೆಯ ಹತ್ತಿರದಿಂದ ಕೈ ಎತ್ತಿ “ನಂದು” ಎಂದೆ. ಕಲ್ಲುಬೆಂಚಿನ ಮುದುಕರೂ ಬಂದಿದ್ದರು. ಅವಳು ಅವರ ಕಡೆ ತಿರುಗಿ, “ಇವರಲ್ಲ ಬರೆದದ್ದು, ಇವರ ಜತೆ ಮಾತಾಡಿ,” ಎಂದಳು. ಪಕ್ಕದಲ್ಲಿದ್ದ ಇಬ್ಬರು ನಿವೃತ್ತರು ತಲೆ ತಗ್ಗಿಸಿದರು. ಮುದುಕರಿಗೆ ಕೇಳಿಸಲಿಲ್ಲ, ಎಲ್ಲರ ಕಡೆ ಕೈ ಬೀಸಿದರು.

ಅಧ್ಯಕ್ಷರ ಮುಖ ಕೆಂಪಾಗಿತ್ತು. “ಅಂದ್ರೆ ಊರಿಗೆಲ್ಲ ಸುಳ್ಳು ಹೇಳಿದೆ.”

“ಒಂದೇ ಸುಳ್ಳು ಸರ್, ನಾನು ಡ್ರೈವರ್ ಅಂದದ್ದು. ಲೆಕ್ಕಕ್ಕೆ ನಿಮ್ಮ ವರದೀನೇ ಆಧಾರ, ಅದರಲ್ಲಿ ಒಂದೂ ಸುಳ್ಳಿಲ್ಲ. ಏಳು ಜನ ಅನ್ನೋದೂ ನಿಜ. ಎಣಿಸಿದ್ದು ಹನ್ನೊಂದರಿಂದ ಮೂರರವರೆಗೆ ಅಂತ ವರದೀಲಿ ಸಣ್ಣಕ್ಷರದಲ್ಲಿದೆ. ಪತ್ರಿಕೆಯವರು ಅದನ್ನ ಬಿಟ್ರು. ಪತ್ರಿಕೆ ನಂಬಿ ನಾನೂ ಬಿಟ್ಟೆ.” ಪಟ್ಟಿ ಮೇಜಿನ ಮೇಲಿಟ್ಟಳು. “ಬೆಳಿಗ್ಗೆ ಆರೂ ನಲವತ್ತರ ಬಸ್ಸಲ್ಲಿ ಗುರುವಾರ ಎಪ್ಪತ್ತೊಂದು ಜನ, ಶುಕ್ರವಾರ ಅರವತ್ತೆಂಟು.”

ಪಟ್ಟೆ ಅಂಗಿಯ ಸದಸ್ಯರು ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ಅಧ್ಯಕ್ಷರು ನೋಡಲಿಲ್ಲ. “ಎರಡು ವಾರದ ಹಿಂದೆ ನಿಲ್ಲಿಸಿ ಅಂತ ಬರೆದೆ, ಅಳು ಬರೋ ಹಾಗೆ ಬರೆದೆ. ಈಗ ಉಳಿಸಿ ಅಂತೀಯ. ಎರಡೂ ಕಡೆ ಇಷ್ಟು ಚೆನ್ನಾಗಿ ಮಾತಾಡೋ ಹುಡುಗಿಯನ್ನ ನಾನು ಹೇಗಮ್ಮಾ ನಂಬಲಿ?”

ಸರಿಯಾದ ಪ್ರಶ್ನೆ. ನನ್ನ ಹದಿನೆಂಟು ಪುಟಗಳಲ್ಲಿ ಎಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಮೂರನೇ ಸಾಲಿನಲ್ಲಿ ಅವಳ ಅಮ್ಮ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

“ನಂಬಬೇಡಿ ಸರ್,” ಎಂದಳು. “ನನ್ನನ್ನೂ ಬೇಡ, ಪಟ್ಟೀನೂ ಬೇಡ. ನಾಳೆ ಬೆಳಿಗ್ಗೆ ಆರೂ ನಲವತ್ತಕ್ಕೆ ಕೊನೇ ನಿಲ್ದಾಣಕ್ಕೆ ಬನ್ನಿ.”

ಬಂದು ತನ್ನ ಜಾಗದಲ್ಲಿ ಕೂತಳು. ಅಷ್ಟೇ. ಅಧ್ಯಕ್ಷರು ತೀರ್ಮಾನ ಬುಧವಾರ ಎಂದು ಹೇಳಿ ಸಭೆ ಮುಗಿಸಿದರು. ಬರುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹೂಗುಚ್ಛ ಮೇಜಿನ ಮೇಲೆಯೇ ಉಳಿಯಿತು.

ಅಕ್ಟೋಬರ್ 1, ಮಂಗಳವಾರ

ಊರಿನಿಂದ ಆ ಕಡೆಗೆ ಹೊರಡುವ ಆರು ಗಂಟೆಯ ಬಸ್ಸಿನಲ್ಲಿ ನಾವಿದ್ದದ್ದು ನಾಲ್ಕು ಜನ. ನಾನು, ಪಟ್ಟೆ ಅಂಗಿಯ ಸದಸ್ಯರು, ಹೊಲಿಗೆ ಅಂಗಡಿ ನಡೆಸುವ ಸದಸ್ಯೆ, ಮತ್ತು ಹಿಂದಿನ ಸೀಟಿನಲ್ಲಿ ಕಿವಿಯವರೆಗೂ ಮಫ್ಲರ್ ಸುತ್ತಿಕೊಂಡು ಯಾರೂ ತಮ್ಮನ್ನು ನೋಡಿಲ್ಲವೆಂದುಕೊಂಡಿದ್ದ ಅಧ್ಯಕ್ಷರು.

ಕೊನೆಯ ನಿಲ್ದಾಣದಲ್ಲಿ ಜನ ಆಗಲೇ ಸಾಲುಗಟ್ಟಿದ್ದರು. ಒಗೆಯುವ ವಿಭಾಗದವರು, ಕಸ ಗುಡಿಸುವವರು, ಬೇಕರಿಯ ಹುಡುಗಿಯರು, ಕಾಲೇಜಿನವರು, ನಮ್ಮ ಒಂಬತ್ತು ಜನ. ಹತ್ತು ನಿಮಿಷ ತಡೆದು ಬಸ್ಸು ತಿರುಗುವಷ್ಟರಲ್ಲಿ ಸೀಟೆಲ್ಲ ತುಂಬಿತು. ಸದಸ್ಯರೂ ಅಧ್ಯಕ್ಷರೂ ಗೌರವಕ್ಕೆಂದು ಕೆಳಗಿಳಿದು ನಿಂತಿದ್ದರಲ್ಲ, ಮತ್ತೆ ಹತ್ತುವಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲು.

“ಒಳಗೆ ಹೋಗಿ ಸ್ವಾಮಿ, ಒಳಗೆ! ಮಫ್ಲರ್, ನಿಮಗೇ ಹೇಳಿದ್ದು! ಬಾಗಿಲಲ್ಲಿ ಗೊಂಬೆ ತರ ನಿಂತ್ರೆ ಬೇರೆಯವರು ಹತ್ತೋದು ಬೇಡ್ವಾ?” ಕಂಡಕ್ಟರ್ ಅಧ್ಯಕ್ಷರ ಬೆನ್ನಿಗೆ ಕೈ ಹಾಕಿ ತುರುಕಿದ. ಅವರು ಹೋಗಿ ನಿಂತದ್ದು ಲಾಯರಮ್ಮನ ಅಮ್ಮನ ಪಕ್ಕದಲ್ಲಿ. ಆಕೆ ಅವರ ಕೈಯಲ್ಲಿದ್ದ ಛತ್ರಿಯನ್ನು ಇಸಿದುಕೊಂಡು ತನ್ನ ಚೀಲಕ್ಕೆ ಸಿಕ್ಕಿಸಿಕೊಂಡಳು. ಅವರು ಮೇಲಿನ ಕಂಬಿ ಹಿಡಿದುಕೊಳ್ಳಲಿ ಎಂದು.

ಲಾಯರಮ್ಮ ಎರಡು ಸಾಲು ಹಿಂದೆ ಇದ್ದಳು. ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆಡೋಣವೆಂದರೆ ಯಾರದೋ ಊಟದ ಡಬ್ಬಿ ನನ್ನ ಪಕ್ಕೆಲುಬಿಗೆ ಒತ್ತಿತ್ತು.

ಇಟ್ಟಿಗೆ ಗೂಡಿನ ನಿಲ್ದಾಣದಲ್ಲಿ ಹತ್ತು ಹನ್ನೆರಡು ಜನ ಕೈ ಅಡ್ಡ ಹಾಕಿದರು. ಚಾಲಕ ತಲೆ ಆಡಿಸಿ ಬಸ್ಸನ್ನು ಮುಂದಕ್ಕೆ ಬಿಟ್ಟ. ಅವರಲ್ಲಿ ಒಬ್ಬಳು ಮಗುವನ್ನು ಎತ್ತಿಕೊಂಡೇ ನಾಲ್ಕು ಹೆಜ್ಜೆ ಓಡಿ ನಿಂತಳು.

“ನಿಲ್ಲಿಸ್ರೀ!” ಎಂದು ಅಧ್ಯಕ್ಷರು ಕಂಬಿ ಬಿಟ್ಟು ಕೂಗಿದರು. “ಅವರನ್ನ ಬಿಟ್ಟು ಹೋಗ್ತಿದ್ದೀರಲ್ಲ! ಈ ಹೊತ್ತಿಗೆ ಇನ್ನೊಂದು ಬಸ್ಸು ಯಾಕಿಲ್ಲ?”

ಕಂಡಕ್ಟರ್ ಟಿಕೆಟ್ ಹರಿಯುತ್ತಾ ತಿರುಗಿಯೂ ನೋಡದೆ ಹೇಳಿದ: “ಇನ್ನೊಂದಾ? ಇರೋ ಒಂದನ್ನೇ ಕಿತ್ಕೊಳ್ತಿದ್ದಾರೆ. ಹೋಗಿ ಪುರಸಭೆ ಅಧ್ಯಕ್ಷರನ್ನ ಕೇಳಿ ಸ್ವಾಮಿ.”

ಮುಂದಿನಿಂದ ಹಿಂದಿನವರೆಗೂ ನಗು ಹೊರಳಿತು. ನಕ್ಕವರಲ್ಲಿ ಅರ್ಧದಷ್ಟು ಜನ ನಿನ್ನೆ ಸಭೆಯಲ್ಲಿದ್ದವರು. ಅಧ್ಯಕ್ಷರು ಮಫ್ಲರ್ ಬಿಚ್ಚಿದರು. ಕಂಡಕ್ಟರ್ ಆಗ ನೋಡಿದ, ಅವನ ಕೈಯಲ್ಲಿ ಟಿಕೆಟ್ ಹಾಗೇ ನಿಂತಿತು. ಅಧ್ಯಕ್ಷರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, ತುದಿಗಾಲಲ್ಲಿ ನಿಂತು, ಮುಂದಿನ ಸಾಲಿನಿಂದ ತಲೆ ಎಣಿಸತೊಡಗಿದರು. ತಿರುವಿನಲ್ಲಿ ಬಸ್ಸು ವಾಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಾಗ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದರು. ಈ ಸಲ ಬಸ್ಸಿನವರೆಲ್ಲ ಗಟ್ಟಿಯಾಗಿ ಜತೆಗೂಡಿ ಎಣಿಸಿದರು.